ಓದುಗರು ಕೇಳಿದ್ದು: ಕೋಟೆಬಾಗಿಲಲ್ಲಿ ಬರಿಗಾಲ ರಾಜ

ಪ್ರಶ್ನೆ: ಮಾಷ್ಟ್ರೇ, ಮಗಳು ಪ್ಲಸ್ ವನ್. ಹತ್ತನೇವರೆಗೆ ಕನ್ನಡ ಮೀಡಿಯಂ, ಈಗ ಪುಸ್ತಕ ಇಂಗ್ಲಿಷ್, ಪಾಠ ಮಲಯಾಳ. ಜರ್ಮನಿಯ ರಾಜನೊಬ್ಬ ಪೋಪ್ ಮನೆಬಾಗಿಲಲ್ಲಿ ಮೂರು ದಿನ ಹಿಮದಲ್ಲಿ ಬರಿಗಾಲಲ್ಲಿ ನಿಂತನಂತೆ. ಪೋಪ್ ಹತ್ತಿರ ಹೇಳಿಕೊಳ್ಳುವಂಥ ಸೈನ್ಯ ಇರಲಿಲ್ಲವಂತೆ. ಮತ್ತೆ ಹೆದರಿದ್ದು ಯಾಕೆ? (ಬದಿಯಡ್ಕ)

ಉತ್ತರ: ಹೆದರಿದ್ದು ತನ್ನ ಸಾಮಂತರಿಗೆ. ರಾಜ ನಾಲ್ಕನೇ ಹೆನ್ರಿ, ಪೋಪ್ ಏಳನೇ ಗ್ರೆಗರಿ. ಜಗಳ ಬಿಷಪ್‌ಗಳನ್ನು ಯಾರು ನೇಮಿಸಬೇಕು ಅನ್ನುವುದು. ಆ ಕಾಲದ ಬಿಷಪ್ ಅಂದರೆ ದೊಡ್ಡ ಜಮೀನ್ದಾರ, ಯುದ್ಧ ಬಂದರೆ ಆಳು ಕುದುರೆ ಕಳಿಸಬೇಕಾದವನು. ಅವನಿಗೆ ಮದುವೆ ಇಲ್ಲ, ಹಾಗಾಗಿ ಸತ್ತರೆ ಜಮೀನು ಮಗನಿಗೆ ಹೋಗುವುದಿಲ್ಲ, ರಾಜ ಮತ್ತೆ ತನಗೆ ಬೇಕಾದವನನ್ನೇ ಕೂರಿಸಬಹುದು. ಇದನ್ನು ಯಾವ ರಾಜ ಬಿಟ್ಟುಕೊಡುತ್ತಾನೆ ಹೇಳಿ! ಬಿಷಪ್‌ಗೆ ಅಧಿಕಾರದ ಗುರುತಾಗಿ ಉಂಗುರ, ಕೋಲು ಕೊಡುತ್ತಿದ್ದದ್ದೂ ರಾಜನೇ. ನಮ್ಮಲ್ಲಿ ಗುತ್ತಿನ ಮನೆಯವರು ಗಡಿ ಹಿಡಿಯುವುದನ್ನು, ಅಂದರೆ ಮನೆತನದ ಯಜಮಾನಿಕೆಗೆ ಪಟ್ಟ ಏರುವುದನ್ನು, ನೋಡಿದವರಿಗೆ ಆ ಉಂಗುರದ ತೂಕ ಬಿಡಿಸಿ ಹೇಳಬೇಕಾಗಿಲ್ಲ.

ಇಟಲಿಯ ಮಿಲಾನ್ ನಗರಕ್ಕೆ ಹೆನ್ರಿ ತನ್ನ ಕಡೆಯವನನ್ನು ಬಿಷಪ್ ಆಗಿ ಕೂರಿಸಿದ. ಗ್ರೆಗರಿ ಗದರಿಸಿ ಪತ್ರ ಬರೆದರು. 1076ರ ಜನವರಿಯಲ್ಲಿ ಹೆನ್ರಿ ಜರ್ಮನಿಯ ವರ್ಮ್ಸ್ ಪಟ್ಟಣದಲ್ಲಿ ತನ್ನ ಬಿಷಪ್‌ಗಳನ್ನು ಸೇರಿಸಿ, ಪೋಪ್ ಅಂತಲೂ ಕರೆಯದೆ, ಪೋಪ್ ಆಗುವ ಮೊದಲಿನ ಹೆಸರು ಹಿಡಿದು, ಪೀಠದಿಂದ ಇಳಿ ಅಂತ ಬರೆಸಿದ. ಮುಂದಿನ ತಿಂಗಳೇ ಗ್ರೆಗರಿ ಅವನಿಗೆ ಚರ್ಚಿನಿಂದ ಬಹಿಷ್ಕಾರ ಹಾಕಿದರು. ಬರೀ ಬಹಿಷ್ಕಾರ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದನೋ ಏನೋ, ಆದರೆ ಜತೆಗೆ ಇನ್ನೊಂದು ಮಾತಿತ್ತು: ಹೆನ್ರಿಗೆ ನಿಷ್ಠರಾಗಿರುತ್ತೇವೆ ಅಂತ ಯಾರ‍್ಯಾರು ಆಣೆ ಮಾಡಿದ್ದಾರೋ ಅವರಿಗೆಲ್ಲ ಆ ಆಣೆಯಿಂದ ಬಿಡುಗಡೆ. ಸಾಮಂತರು ರಾಜನ ಮಾತು ಕೇಳುವುದೇ ದೇವರ ಹೆಸರಲ್ಲಿ ಮಾಡಿದ ಆಣೆಯ ಮೇಲೆ. ಅದನ್ನು ಪೋಪ್ ಬಿಚ್ಚಿಬಿಟ್ಟರು. ದಂಗೆ ಎದ್ದು ಹಿಂದಿನ ವರ್ಷವಷ್ಟೇ ಹೆನ್ರಿಯ ಕೈಯಲ್ಲಿ ಸೋತಿದ್ದ, ಅವನದೇ ರಾಜ್ಯದ ಸ್ಯಾಕ್ಸನ್ನರಿಗೆ ಇಂಥದ್ದೊಂದು ನೆಪವೇ ಬೇಕಿತ್ತು. ವರ್ಷದೊಳಗೆ ಬಹಿಷ್ಕಾರ ತೆಗೆಸಿಕೊಳ್ಳದಿದ್ದರೆ ನೀನು ನಮಗೆ ರಾಜನಲ್ಲ ಅಂತ ಸಾಮಂತರು ವಾಯಿದೆ ಕೊಟ್ಟರು, ವಿಚಾರಣೆಗೆ ಪೋಪರನ್ನೇ ಜರ್ಮನಿಗೆ ಕರೆದರು.

ಪೋಪ್ ಬಂದು ಮುಟ್ಟುವ ಮೊದಲೇ ದಾರಿಯಲ್ಲಿ ಹಿಡಿಯಬೇಕು ಅಂತ ಹೆನ್ರಿ ಚಳಿಗಾಲದಲ್ಲೇ ಆಲ್ಪ್ಸ್ ಹತ್ತಿದ, ಹೆಂಡತಿ, ಪುಟ್ಟ ಮಗನ ಜತೆ. ಇಳಿಜಾರಿನಲ್ಲಿ ಹೆಂಗಸರನ್ನು ಎತ್ತಿನ ಚರ್ಮದ ಮೇಲೆ ಕೂರಿಸಿ ಜಾರಿಸಿದರು ಅಂತ ಆ ಕಾಲದ ಒಬ್ಬ ಸನ್ಯಾಸಿ ಬರೆದಿದ್ದಾನೆ. ಗ್ರೆಗರಿ ಇದ್ದದ್ದು ಇಟಲಿಯ ಕನೊಸ್ಸಾ ಕೋಟೆಯಲ್ಲಿ. ಅದು ಪೋಪ್ ಮನೆ ಅಲ್ಲ, ಟಸ್ಕನಿಯ ಒಡತಿ ಮಟಿಲ್ಡಾಳದ್ದು. 1077ರ ಜನವರಿ ಕೊನೆಯಲ್ಲಿ ಮೂರು ದಿನ ಬಾಗಿಲ ಹೊರಗೆ, ಉಣ್ಣೆಯ ಒರಟು ಬಟ್ಟೆ, ಕಾಲಿಗೆ ಏನೂ ಇಲ್ಲ.

ನಿಮ್ಮ ಮಗಳಿಗೆ ಒಂದು ಮಾತು ಹೇಳಿ. ಇಕ್ಕಟ್ಟಿಗೆ ಸಿಕ್ಕಿದ್ದು ಹೊರಗೆ ನಿಂತವನಿಗಿಂತ ಒಳಗೆ ಕೂತವರು. ಪಶ್ಚಾತ್ತಾಪ ಅಂತ ಬಂದವನನ್ನು ಒಬ್ಬ ಪಾದ್ರಿ ವಾಪಸ್ ಕಳಿಸುವ ಹಾಗಿಲ್ಲ, ಕ್ಷಮಿಸಿದರೆ ಜರ್ಮನಿಯ ಸಾಮಂತರು ಕೈ ತಪ್ಪುತ್ತಾರೆ. ಇದು ಧರ್ಮದ ಕಠಿಣತೆ ಅಲ್ಲ, ಕ್ರೌರ್ಯ ಅಂತ ಸುತ್ತ ಇದ್ದವರೇ ಗೊಣಗಿದರು ಅಂತ ಗ್ರೆಗರಿಯೇ ಆಮೇಲೆ ಪತ್ರದಲ್ಲಿ ಬರೆದುಕೊಂಡಿದ್ದಾರೆ. ಕೊನೆಗೆ ಕ್ಷಮಿಸಿದರು. ಸಾಮಂತರು ಸುಮ್ನೆ ಕೂರಲಿಲ್ಲ, ಮಾರ್ಚ್‌ನಲ್ಲೇ ಬೇರೆ ರಾಜನನ್ನು ಆರಿಸಿದರು. 1080ರಲ್ಲಿ ಎರಡನೇ ಬಹಿಷ್ಕಾರ ಬಂತು, ಆದರೆ ಅದಕ್ಕೆ ಮೊದಲಿನ ಬಿಸಿ ಇರಲಿಲ್ಲ. 1084ರಲ್ಲಿ ಹೆನ್ರಿ ರೋಮ್ ಹಿಡಿದು, ತನ್ನದೇ ಪೋಪನ್ನು ಕೂರಿಸಿ, ಅವನ ಕೈಯಿಂದ ಚಕ್ರವರ್ತಿ ಕಿರೀಟ ಹಾಕಿಸಿಕೊಂಡ. ಗ್ರೆಗರಿ ರೋಮ್ ಬಿಟ್ಟು, ಮರುವರ್ಷ ದಕ್ಷಿಣ ಇಟಲಿಯ ಸಲೆರ್ನೊದಲ್ಲಿ ತೀರಿಕೊಂಡರು. ರಾಜಿ ಆದದ್ದು 1122ರಲ್ಲಿ, ಅದೇ ವರ್ಮ್ಸ್‌ನಲ್ಲಿ: ಉಂಗುರ, ಕೋಲು ಚರ್ಚಿನ ಕೈಯಿಂದ, ಜಮೀನು ರಾಜನ ಕೈಯಿಂದ.

ಪ್ರಶ್ನೆ: ಅಷ್ಟಕ್ಕೂ ಪೋಪ್‌ಗೆ ಆಳಲಿಕ್ಕೆ ರಾಜ್ಯ ಕೊಟ್ಟವರು ಯಾರು? (ಮಂಜೇಶ್ವರ)

ಉತ್ತರ: ಈಗಿನ ಫ್ರಾನ್ಸ್ ಕಡೆ ಆಳುತ್ತಿದ್ದ ಫ್ರಾಂಕರ ರಾಜ ಪಿಪಿನ್. 754ರಲ್ಲಿ ಪೋಪ್ ಅವನಿಗೆ ಎಣ್ಣೆ ಹಚ್ಚಿ ಪಟ್ಟ ಕಟ್ಟಿದರು, ಅವನು ಇಟಲಿಯಲ್ಲಿ ಆಳುತ್ತಿದ್ದ ಲೊಂಬಾರ್ಡರನ್ನು ಸೋಲಿಸಿ ಜಾಗ ಬಿಡಿಸಿಕೊಟ್ಟ. ಕೊಟ್ಟು ತಗೊಂಡ ವ್ಯವಹಾರ. ರೋಮಿನಲ್ಲಿ ಪೋಪರ ಆಳ್ವಿಕೆ 1870ರವರೆಗೂ ನಡೆಯಿತು.

ಇದರ ಪಕ್ಕದಲ್ಲೇ ಒಂದು ಖೋಟಾ ದಾಖಲೆಯ ಕಥೆ ಇದೆ. ನಾಲ್ಕನೇ ಶತಮಾನದ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ಸಾಮ್ರಾಜ್ಯದ ಇಡೀ ಪಶ್ಚಿಮ ಭಾಗವನ್ನು ಪೋಪ್‌ಗೆ ದಾನ ಮಾಡಿದ ಅಂತ ಒಂದು ಪತ್ರ. ಯಾರೋ ಎಂಟನೇ ಶತಮಾನದ ಹೊತ್ತಿಗೆ ಸೃಷ್ಟಿ ಮಾಡಿದ್ದು. ನೂರಾರು ವರ್ಷ ನಂಬಿದರು. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಾಲ್ಲಾ ಅದರ ಲ್ಯಾಟಿನ್ ಭಾಷೆಯನ್ನೇ ಹಿಡಿದು ಜಾಲಾಡಿದ. ಆ ಪತ್ರದಲ್ಲಿ ಕಾನ್‌ಸ್ಟಾಂಟಿನೋಪಲ್ ಹೆಸರಿದೆ, ದಾನ ಕೊಟ್ಟ ಅನ್ನುವ ಕಾಲಕ್ಕೆ ಆ ಹೆಸರಿನ ಪಟ್ಟಣ ಹುಟ್ಟಿಯೇ ಇರಲಿಲ್ಲ! ನಮ್ಮಲ್ಲಿ ಯಾರಾದರೂ 1940ರ ಜಾಗದ ಆಧಾರ ಅಂತ ತಂದು, ಅದರಲ್ಲಿ ಕಾಸರಗೋಡು ಜಿಲ್ಲೆ ಅಂತ ಬರೆದಿದ್ದರೆ ಹೇಗೆ? ಜಿಲ್ಲೆ ಆದದ್ದೇ 1984ರಲ್ಲಿ, ಅಲ್ವಾ? ಹಾಗಂತ ವಾಲ್ಲಾ ಸತ್ಯಕ್ಕಾಗಿ ಮಾತ್ರ ಬರೆದ ಅಂದುಕೊಳ್ಳಬೇಡಿ. ಅವನಿಗೆ ಅನ್ನ ಹಾಕುತ್ತಿದ್ದ ರಾಜ ಅಲ್ಫೊನ್ಸೊಗೂ ಪೋಪ್‌ಗೂ ಆಗ ನೇಪಲ್ಸ್ ವಿಷಯದಲ್ಲಿ ಜಗಳ ನಡೆದಿತ್ತು.

ಪ್ರಶ್ನೆ: ಭಾನುವಾರದ ರಜೆ ಚರ್ಚ್ ಮಾಡಿದ್ದಾ, ಸರ್ಕಾರ ಮಾಡಿದ್ದಾ? (ಕುಂಬಳೆ)

ಉತ್ತರ: ಸರ್ಕಾರದ ಕಾನೂನಾಗಿ ಮೊದಲು ಬಂದದ್ದು 321ರಲ್ಲಿ, ಅದೇ ಕಾನ್‌ಸ್ಟಂಟೈನ್ ಕಾಲಕ್ಕೆ. ಜಾಣ ಮನುಷ್ಯ. ಕಾನೂನಿನಲ್ಲಿ ಯೇಸುವಿನ ಹೆಸರೇ ಇಲ್ಲ, ಪೂಜ್ಯ ಸೂರ್ಯನ ದಿನ ಅಂತ ಇದೆ. ಕ್ರೈಸ್ತರಿಗೂ ಖುಷಿ, ಸೂರ್ಯನನ್ನು ಪೂಜಿಸುವವರಿಗೂ ಖುಷಿ. ತಾನು ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾಯುವ ಹೊತ್ತಿಗೆ. ರಜೆ ಪಟ್ಟಣದವರಿಗೆ, ನ್ಯಾಯಾಲಯಕ್ಕೆ. ಬಿತ್ತನೆ, ದ್ರಾಕ್ಷಿ ಕೆಲಸ ಕಾಯುವುದಿಲ್ಲ ಅಂತ ರೈತರನ್ನು ಬಿಟ್ಟುಬಿಟ್ಟಿದ್ದ. ಅಂದರೆ ನಮ್ಮ ಅಡಿಕೆ ತೋಟದವರು ಆಗ ಇದ್ದಿದ್ದರೂ ಭಾನುವಾರ ಕೊನೆ ತೆಗೆಯಬೇಕಿತ್ತು.