ರಾಗಿ, ಭತ್ತದ ಆರ್‌ಎನ್‌ಎ ಹೋಲಿಕೆ: ಪ್ರತಿಕ್ರಿಯೆ

ಮಂಡ್ಯದಲ್ಲಿ ರಾಗಿ, ಭತ್ತ ಎರಡಕ್ಕೂ ನೀರು ನಿಲ್ಲಿಸಿ, ಎಲೆಯ ಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ಪ್ರತಿ) ಲೆಕ್ಕವನ್ನು ನೇರವಾಗಿ ಹೋಲಿಸಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಜೀನ್ ಉದ್ದವಿದ್ದರೆ ರೀಡ್‌ಗಳೂ (ಯಂತ್ರ ಓದಿ ಎಣಿಸುವ ಆರ್‌ಎನ್‌ಎ ತುಣುಕುಗಳು) ಜಾಸ್ತಿ ಬೀಳುತ್ತವೆ, ಅಲ್ವಾ? ಮೊದಲು ರಾಗಿಯಲ್ಲೇ ನೀರುಂಡ ಗಿಡಕ್ಕೂ ಬಾಡಿದ ಗಿಡಕ್ಕೂ ಎಷ್ಟು ಪಟ್ಟು ವ್ಯತ್ಯಾಸ ಎಂದು ನೋಡಿ. ಭತ್ತದಲ್ಲೂ ಹಾಗೇ. ಆಮೇಲೆ ಒಂದೇ ಮೂಲದ ಜೀನ್‌ಗಳನ್ನು ಜೋಡಿಸಿ, ಆ ಏರಿಳಿತವನ್ನು ಹೋಲಿಸಿ.

ನಿಜವಾದ ತೊಡಕು ಇಲ್ಲಿದೆ. ರಾಗಿಯ 36 ಕ್ರೋಮೋಸೋಮ್‌ಗಳಲ್ಲಿ ಎರಡು ಪೂರ್ವಜ ಹುಲ್ಲುಗಳ ಜೀನೋಮ್ (ಪೂರ್ತಿ ಜೀನ್ ಸಮೂಹ) ಸೇರಿಕೊಂಡಿದೆ. ಭತ್ತದ ಒಂದು ಜೀನಿಗೆ ಇಲ್ಲಿ ಹೆಚ್ಚಾಗಿ ಎರಡು ಸಿಗುತ್ತವೆ. ಒಂದು ಸುಮ್ಮನಿದ್ದು ಇನ್ನೊಂದು ಮಾತ್ರ ಏರಬಹುದು. ಎರಡನ್ನೂ ಬೇರೆಬೇರೆ ಎಣಿಸಿ.

ಎಲೆಗಳನ್ನು ದಿನದ ಒಂದೇ ಹೊತ್ತಿನಲ್ಲಿ ಕೀಳಿ. ಪ್ರತಿ ಗುಂಪಿಗೂ ಕನಿಷ್ಠ 3 ಗಿಡ ಇರಲಿ. ಎರಡೂ ಬೆಳೆಯಲ್ಲಿ ನೀರು ನಿಲ್ಲಿಸಿದ ದಿನಗಳನ್ನಲ್ಲ, ಎಲೆಯ ನೀರಿನಂಶವನ್ನು ಒಂದೇ ಮಟ್ಟಕ್ಕೆ ಸರಿಹೊಂದಿಸಿ. ಏಕೆಂದರೆ ಭತ್ತ ಬೇಗ ಬಾಡುತ್ತದೆ.