ನನಗೊಬ್ಬಳಿಗೇ ಬರೆದ ಇಮೇಲ್

ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿನಿಂದ ಒಬ್ಬರ ಖಾಸಗಿ ಪತ್ರ ಇನ್ನೊಬ್ಬರ ಕಣ್ಣಿಗೆ ಬಿದ್ದ ಪ್ರಕರಣಗಳು ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿವೆ. ಅವುಗಳಲ್ಲಿ ಒಂದನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಆ ಪ್ರಕರಣದಲ್ಲಿ ಗುಟ್ಟು ಬಿಟ್ಟುಕೊಟ್ಟವಳು ನಾನೇ ಎಂಬ ಸಂಶಯ ಹುಟ್ಟಿತ್ತು. ಅದು ನನ್ನನ್ನು ಇಷ್ಟು ಕಾಡಿದ್ದಕ್ಕೆ ಅದೇ ಕಾರಣವಿರಬಹುದು.

ತಂದೆಯನ್ನು ಕಳೆದುಕೊಂಡ 23 ವರ್ಷದ ಯುವಕ. ಮನೆಯಲ್ಲಿ ತಾಯಿ ಮತ್ತು ಅಣ್ಣ. ಎದುರಿಗೆ ಕೂತು ಹೇಳಲಾಗದ್ದನ್ನು ಆತ ಭೇಟಿಗಳ ನಡುವೆ ನನಗೆ ಇಮೇಲ್‌ನಲ್ಲಿ ಬರೆಯುತ್ತಿದ್ದ. ಹಾಗೆ ಬರೆಯಲು ಹೇಳಿದವಳೂ ನಾನೇ. ನಾಲ್ಕನೆಯ ಭೇಟಿಗೆ, ಆತನ ಒಪ್ಪಿಗೆಯಿಂದಲೇ, ತಾಯಿಯೂ ಬಂದರು. ಮಾತಿನ ನಡುವೆ ಅವರು, "ಅಪ್ಪನ ಅಂಗಿಗಳನ್ನೆಲ್ಲ ಯಾರನ್ನೂ ಕೇಳದೆ ಕೊಟ್ಟುಬಿಟ್ಟೆ ಅಂತ ನನ್ನ ಮೇಲೆ ನಿನಗೆ ಸಿಟ್ಟಲ್ಲವೇನೋ?" ಎಂದರು. ಆ ಸಿಟ್ಟನ್ನು ಆತ ಯಾರ ಮುಂದೆಯೂ ಆಡಿ ತೋರಿಸಿರಲಿಲ್ಲ. ಅದು ನನಗೆ ಬರೆದ ಒಂದು ಪತ್ರದಲ್ಲಿ ಮಾತ್ರ ಇತ್ತು. ಆತ ತಾಯಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ.

ಮುಂದಿನ ಸಲ ಆತ ಒಬ್ಬನೇ ಬಂದ, ಇನ್ನು ಬರುವುದಿಲ್ಲ ಎಂದು ಹೇಳಿ ಹೋಗಲು. "ಮೇಡಂ, ನಾನು ಬರೆಯುವುದು ಫೋನಿನಲ್ಲಿ, ಫೋನಿಗೆ ಲಾಕ್ ಇದೆ. ನೀವು ಹೇಳದಿದ್ದರೆ ಅಮ್ಮನಿಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದ. ನಾನು ಹೇಳಿಲ್ಲ ಎಂದು ಒಂದೇ ಸಲ ಹೇಳಿದೆ. ಆಣೆ ಪ್ರಮಾಣಗಳಿಂದ ನಂಬಿಕೆ ಮರಳಿ ಬರುವುದಿಲ್ಲ. ನಿನ್ನ ಇಮೇಲ್ ಬೇರೆ ಯಾವ ಯಂತ್ರದಲ್ಲಾದರೂ ಎಂದಾದರೂ ತೆರೆದಿತ್ತೇ ಎಂದು ಕೇಳಿದೆ. ಓದುವಾಗ ಮನೆಯ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಹಾಕಿಕೊಂಡಿದ್ದನಂತೆ, 3 ವರ್ಷಗಳಿಂದ ಅದರತ್ತ ತಿರುಗಿಯೂ ನೋಡಿಲ್ಲವಂತೆ. ನನ್ನ ಲ್ಯಾಪ್‌ಟಾಪಿನಲ್ಲಿ ಆತನ ಗುರುತು ಉಳಿಯದಂತೆ ಬ್ರೌಸರಿನ ಖಾಸಗಿ ಕಿಟಕಿಯೊಂದನ್ನು ತೆರೆದುಕೊಟ್ಟೆ, ಆತ ಜಿಮೇಲ್‌ಗೆ ಲಾಗಿನ್ ಆದ. ಪುಟದ ಕೆಳತುದಿಯಲ್ಲಿ, ಇತ್ತೀಚೆಗೆ ಖಾತೆ ಯಾವಾಗ, ಯಾವ ಬಗೆಯಲ್ಲಿ ಬಳಕೆಯಾಗಿದೆ ಎಂದು ತೋರಿಸುವ ಒಂದು ಕೊಂಡಿ ಇರುತ್ತದೆ. ಫೋನಿನ ನಮೂದುಗಳ ನಡುವೆ ಐಮ್ಯಾಪ್, ಅಂದರೆ ಮೇಲ್ ತಂತ್ರಾಂಶವೊಂದು ಖಾತೆಯಿಂದ ಪತ್ರ ತರಿಸಿಕೊಳ್ಳುವ ಬಗೆ, ಎಂಬ ನಮೂದುಗಳೂ ಇದ್ದವು. ಅವುಗಳಲ್ಲಿ ಒಂದು, ನಾವಿಬ್ಬರೂ ಮಾತಿಗೆ ಕೂತು ಹತ್ತು ನಿಮಿಷವಾದ ಮೇಲಿನದು. ಆತ ಬಹಳ ಹೊತ್ತು ಸುಮ್ಮನಿದ್ದು, "ಅದು ಇನ್ನೂ ಓಡುತ್ತಲೇ ಇದೆಯೇ?" ಎಂದ.

ಓಡುತ್ತಲೇ ಇತ್ತು. ಐಮ್ಯಾಪ್ ವ್ಯವಸ್ಥೆಯಲ್ಲಿ ಮೂಲ ಪತ್ರ, ಬಂದದ್ದಾಗಲಿ ಕಳಿಸಿದ್ದಾಗಲಿ, ಮೇಲ್ ಸೇವೆಯವರ ಸರ್ವರಿನಲ್ಲಿರುತ್ತದೆ. ಕಂಪ್ಯೂಟರಿನಲ್ಲಿರುವ ಮೇಲ್ ತಂತ್ರಾಂಶ, ತಾನು ತೆರೆದಿರುವಾಗಲೆಲ್ಲ, ಹೊಸ ಪತ್ರಗಳನ್ನು ತರಿಸಿಕೊಂಡು ಡಿಸ್ಕಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಥಂಡರ್‌ಬರ್ಡ್ ಆ ಪ್ರತಿಗಳನ್ನು ಸಾಮಾನ್ಯ ಪಠ್ಯದ ಕಡತಗಳಾಗಿ ಉಳಿಸುತ್ತದೆ. ಅದಕ್ಕೆ ಹಾಕಬಹುದಾದ ಪ್ರಧಾನ ಪಾಸ್‌ವರ್ಡ್ ಕಾಯುವುದು ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೇ ಹೊರತು ಪತ್ರಗಳನ್ನಲ್ಲ. ಆ ಮನೆಯಲ್ಲಿ ಮೂವರೂ ವಿಂಡೋಸ್‌ನ ಒಂದೇ ಲಾಗಿನ್ ಬಳಸುತ್ತಿದ್ದುದರಿಂದ ದಾಟಲು ಬಾಗಿಲೇ ಇರಲಿಲ್ಲ. ಲಾಗಿನ್ ಬೇರೆ ಬೇರೆಯಾಗಿದ್ದರೂ, ಅಡ್ಮಿನ್ ಅಧಿಕಾರವುಳ್ಳವರು ಉಳಿದವರ ಫೋಲ್ಡರುಗಳನ್ನು ತೆರೆಯಬಲ್ಲರು ಎಂಬುದನ್ನು ಬಹಳ ಮಂದಿ ಅರಿಯರು.

ತಾಯಿಯನ್ನು ಮತ್ತೆ ಕರೆಸಿದಾಗ ಅವರು ಏನನ್ನೂ ಮುಚ್ಚಿಡಲಿಲ್ಲ. "ನಾನು ಹುಡುಕಿಕೊಂಡು ಹೋಗಲಿಲ್ಲ ಮೇಡಂ. ಪರದೆಯ ಮೂಲೆಯಲ್ಲಿ ಇವನ ಹೆಸರಿನ ಚೀಟಿ ಬಂತು, ಒತ್ತಿದೆ. ಒಂದು ಸಲ ಓದಿದ ಮೇಲೆ ಓದದೆ ಇರಲಿಕ್ಕೆ ಆಗಲಿಲ್ಲ. ಬದುಕಿದ್ದಾನಲ್ಲ ಅಂತ ದಿನಾ ನೋಡುತ್ತಿದ್ದೆ."

ತಾಯಿಯನ್ನು ಕರೆಸುವ ಮುನ್ನವೇ ನಾನು ಯುವಕನಿಗೆ ನೀಡಿದ್ದ ಸಲಹೆಯನ್ನು ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇಂದಿಗೂ ಒಪ್ಪುವುದಿಲ್ಲ. ತಾಯಿಯೊಂದಿಗೆ ಮಾತನಾಡುವುದು ಮೊದಲು, ಪಾಸ್‌ವರ್ಡ್ ಬದಲಿಸುವುದು ಆಮೇಲೆ, ಅಲ್ಲಿಯವರೆಗೆ ಇಮೇಲ್ ಬೇಡ ಎಂದು ಹೇಳಿದ್ದೆ. ಬೀಗ ಮೊದಲು ಬೀಳಬೇಕಿತ್ತು ಎಂಬುದು ಅವರ ವಾದ. ಆದರೆ ಪಾಸ್‌ವರ್ಡ್ ಬದಲಿಸಿದರೆ ಹೊಸ ಪತ್ರಗಳು ಬರುವುದು ನಿಲ್ಲುತ್ತದೆಯೇ ಹೊರತು 3 ವರ್ಷಗಳಿಂದ ಡಿಸ್ಕಿನಲ್ಲಿ ಕೂತಿರುವ ಪ್ರತಿಗಳು ಅಲ್ಲೇ ಉಳಿಯುತ್ತವೆ. ಮಗ ಬದುಕಿದ್ದಾನೆಂದು ಆ ಪತ್ರಗಳಿಂದಲೇ ತಿಳಿದುಕೊಳ್ಳುತ್ತಿದ್ದ ತಾಯಿಗೆ ಆ ದಿಢೀರ್ ಮೌನ ಏನು ಹೇಳುತ್ತಿತ್ತು ಎಂದು ಯೋಚಿಸಿದರೆ ನನಗೆ ಇಂದಿಗೂ ನಡುಕ ಬರುತ್ತದೆ. ಇದು ಆ ಮನೆಗೆ ಹೇಳಿದ ಮಾತು. ಬೆದರಿಕೆ ಅಥವಾ ಹೊಡೆತ ಇರುವ ಮನೆಯವರಿಗೆ ನಾನು ಮಾತುಕತೆಯ ಸಲಹೆ ಖಂಡಿತ ಕೊಡುವುದಿಲ್ಲ; ಆ ಕಂಪ್ಯೂಟರನ್ನು ಮುಟ್ಟದೆ, ಸುರಕ್ಷಿತವಾದ ಬೇರೊಂದು ಸಾಧನದಲ್ಲಿ ಹೊಸ ಖಾತೆಯನ್ನೇ ತೆರೆಯಲು ಹೇಳುತ್ತೇನೆ, ಏಕೆಂದರೆ ಹಳೆಯ ಖಾತೆ ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ ಅದೇ ಸಂಶಯಕ್ಕೆ ಕಾರಣವಾಗುತ್ತದೆ.

ಮಾತುಕತೆಯ ನಂತರ ಅಳಿಸುವ ಕೆಲಸ. ಥಂಡರ್‌ಬರ್ಡ್‌ನಲ್ಲಿ ಪತ್ರಗಳನ್ನು ಒಂದೊಂದಾಗಿ ಅಳಿಸಬೇಡ, ಐಮ್ಯಾಪ್‌ನಲ್ಲಿ ಅವು ಸರ್ವರಿನಿಂದಲೂ ಹೋಗುತ್ತವೆ, ಖಾತೆಯನ್ನೇ ಅದರ ದತ್ತಾಂಶ ಸಮೇತ ಆ ಯಂತ್ರದಿಂದ ತೆಗೆದುಹಾಕು ಎಂದೆ. ಪತ್ರಗಳನ್ನು ಸರ್ವರಿನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪಾಪ್ ಎಂಬ ಹಳೆಯ ವ್ಯವಸ್ಥೆಯಾಗಿದ್ದರೆ ಎಚ್ಚರಿಕೆ ಬೇರೆಯದೇ ಬೇಕಾಗುತ್ತಿತ್ತು, ಅಲ್ಲಿ ಪತ್ರದ ಏಕೈಕ ಪ್ರತಿ ಆ ಕಂಪ್ಯೂಟರಿನಲ್ಲೇ ಇರುವುದುಂಟು. ಇಳಿಸಿಕೊಂಡ ಲಗತ್ತುಗಳನ್ನು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಪ್ರತ್ಯೇಕವಾಗಿ ಹುಡುಕಿ ಅಳಿಸಬೇಕು. ಖಾಸಗಿ ಕಿಟಕಿಯಿಂದ ಇಳಿಸಿಕೊಂಡವೂ ಅಲ್ಲೇ ಉಳಿದಿರುತ್ತವೆ.

ಇದು ಆಪ್ತಸಲಹೆಗಾರರ ಕೆಲಸವಲ್ಲ ಎನ್ನುವವರಿದ್ದಾರೆ. ನನ್ನ ಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗದು ಎಂದು ಭರವಸೆ ಕೊಡುವ ನಾನು, ಅದೇ ಮಾತನ್ನು ಇಮೇಲ್‌ನಲ್ಲಿ ಬರೆಯಲು ಹೇಳಿದ ಮೇಲೆ, ಆ ಇಮೇಲ್ ಎಲ್ಲೆಲ್ಲಿ ಹೋಗಿ ಕೂರುತ್ತದೆ ಎಂದು ತಿಳಿದಿರಲೇಬೇಕು. ಈಗ ಮೊದಲ ಭೇಟಿಯಲ್ಲೇ, ನಿಮ್ಮ ಇಮೇಲ್ ಯಾವ ಯಾವ ಯಂತ್ರಗಳಲ್ಲಿ ತೆರೆಯುತ್ತದೆ ಎಂದು ಕೇಳುತ್ತೇನೆ. ನಾನು ಬರೆಯುವ ಪತ್ರದಲ್ಲಿ ಭೇಟಿಯ ದಿನ ಮತ್ತು ಸಮಯ ಬಿಟ್ಟು ಬೇರೇನೂ ಇರುವುದಿಲ್ಲ.

ಯುವಕ ಬರುವುದನ್ನು ನಿಲ್ಲಿಸಲಿಲ್ಲ. ಖಾತೆ ತೆಗೆದ ದಿನ ತಾಯಿ ಮಗನನ್ನು, "ಇನ್ನು ಮೇಲೆ ನೀನು ಹೇಗಿದ್ದೀಯ ಅಂತ ನನಗೆ ಹೇಗೋ ಗೊತ್ತಾಗೋದು?" ಎಂದು ಕೇಳಿದರು. ಆತನಲ್ಲಿ ಉತ್ತರವಿರಲಿಲ್ಲ. ಮುಂದಿನ ಮೂರು ಭೇಟಿಗಳು ಆ ಪ್ರಶ್ನೆಯ ಮೇಲೆಯೇ ನಡೆದವು.