ಊರಿನಲ್ಲಿ ಉಳಿದ ಹಳೆಯ ಸಾಲ: ಹೊರದೇಶದಿಂದ ತೀರಿಸುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿರುವ ಸಂಗತಿ ಇಷ್ಟು. 2016ರ ನಡುವಿನಲ್ಲಿ ಬೆಂಗಳೂರಿನ ಕೆಲಸ ಹೋದ ಮೇಲೆ ಒಂದು ಕ್ರೆಡಿಟ್ ಕಾರ್ಡಿನ ಬಾಕಿ ಮತ್ತು ಒಂದು ವೈಯಕ್ತಿಕ ಸಾಲದ ಕಂತು ಎರಡೂ ನಿಂತವು. 2018ರ ಆರಂಭದಲ್ಲಿ ನೀವು ಇಂಗ್ಲೆಂಡಿಗೆ ಬಂದಿರಿ. ಈಗ ದಾವಣಗೆರೆಯಲ್ಲಿರುವ ನಿಮ್ಮ ತಂದೆಯವರಿಗೆ ವಸೂಲಿಯವರ ಕರೆಗಳು ಬರುತ್ತಿವೆ. ಮೂರು ವರ್ಷ ದಾಟಿದ ಸಾಲಕ್ಕೆ ಯಾರೂ ಏನೂ ಮಾಡಲಾರರು ಎಂದು ಸ್ನೇಹಿತರೊಬ್ಬರು ಹೇಳಿದ್ದಾರೆ. ಅದನ್ನು ನಂಬಿ ಸುಮ್ಮನಿರಬಹುದೇ, ಊರಿಗೆ ಹೋದರೆ ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆಯೇ ಎಂಬುದು ನಿಮ್ಮ ಅಳುಕು. ನಾನು ವಕೀಲೆಯಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಯಜಮಾನರ ಮುದ್ರಣಾಲಯ ಮುಚ್ಚಿದಾಗ ಉಳಿದುಕೊಂಡ ಇಂಥವೇ ಎರಡು ಸಾಲಗಳನ್ನು ಬರ್ಮಿಂಗ್‌ಹ್ಯಾಮಿನಲ್ಲಿದ್ದುಕೊಂಡೇ, ಹುಬ್ಬಳ್ಳಿಯ ವಕೀಲರೊಬ್ಬರ ಮತ್ತು ನನ್ನ ತಮ್ಮನ ನೆರವಿನಿಂದ ತೀರಿಸಿದ್ದೇವೆ. ಆ ಅನುಭವದ ಬಲದ ಮೇಲೆ ಬರೆಯುತ್ತಿದ್ದೇನೆ.

ನಿಮ್ಮ ಸ್ನೇಹಿತರ ಮಾತು ಅರ್ಧ ಸರಿ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅಡಮಾನವಿಲ್ಲದ ಸಾಲದ ವಸೂಲಿಗೆ ದಾವೆ ಹೂಡಲು ಮೂರು ವರ್ಷಗಳ ಅವಧಿ ಇದೆ, ಮತ್ತು ಅವಧಿ ಮೀರಿ ಬಂದ ದಾವೆಯನ್ನು, ಪ್ರತಿವಾದಿ ಆ ಮಾತನ್ನು ಎತ್ತದಿದ್ದರೂ, ನ್ಯಾಯಾಲಯ ವಜಾ ಮಾಡಲೇಬೇಕು. ಆದರೆ ಅದೇ ಕಾಯ್ದೆಯ 15ನೇ ಕಲಮಿನ 5ನೇ ಉಪಕಲಮು ಹೊರದೇಶದಲ್ಲಿರುವ ನಮ್ಮಂಥವರ ಲೆಕ್ಕವನ್ನೇ ಬದಲಿಸಿಬಿಡುತ್ತದೆ: ಪ್ರತಿವಾದಿ ಭಾರತದಿಂದ ಹೊರಗಿದ್ದ ಕಾಲವನ್ನು ಆ ಮೂರು ವರ್ಷಗಳಲ್ಲಿ ಎಣಿಸುವಂತಿಲ್ಲ. ನಿಮ್ಮ ವಿಷಯಕ್ಕೆ ಇದನ್ನು ಹಚ್ಚಿ ನೋಡಿ. ಕಂತು ನಿಂತದ್ದು 2016ರ ನಡುವಿನಲ್ಲಿ, ದೇಶ ಬಿಟ್ಟದ್ದು 2018ರ ಆರಂಭದಲ್ಲಿ. ಅಂದರೆ ಓಡಿರುವ ಅವಧಿ ಸುಮಾರು ಒಂದೂವರೆ ವರ್ಷ, ಅದಕ್ಕೆ ನೀವು ರಜೆಗೆ ಊರಿಗೆ ಹೋಗಿದ್ದ ದಿನಗಳನ್ನು ಸೇರಿಸಿಕೊಳ್ಳಬಹುದು. ಉಳಿದ ವರ್ಷಗಳೆಲ್ಲ ಲೆಕ್ಕದ ಹೊರಗೆ. ಹೀಗಾಗಿ ಊರಲ್ಲೇ ಇದ್ದು ಸಾಲ ನಿಲ್ಲಿಸಿದವರಿಗೆ ಸಿಗುವ ರಕ್ಷಣೆ ನಿಮಗೆ ಸಿಗುವ ಭರವಸೆಯಿಲ್ಲ, ಬ್ಯಾಂಕು ಇಂದು ದಾವೆ ಹಾಕಿದರೂ ಅದು ಅವಧಿಯೊಳಗೇ ಬರಬಹುದು. ಸಾಮಾಜಿಕ ಜಾಲತಾಣಗಳಲ್ಲಿ ಸಾಲದ ಬಗ್ಗೆ ಉಪದೇಶ ಕೊಡುವವರಲ್ಲಿ ಈ ಉಪಕಲಮಿನ ಹೆಸರೆತ್ತಿದವರನ್ನು ನಾನಂತೂ ನೋಡಿಲ್ಲ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಎಚ್ಚರಿಕೆ ಇದೆ. ಅವಧಿ ಮುಗಿಯುವುದರೊಳಗೆ ನೀವು ಸಾಲವನ್ನು ಬರಹದಲ್ಲಿ ಒಪ್ಪಿಕೊಂಡರೆ 18ನೇ ಕಲಮಿನಂತೆ ಆ ದಿನದಿಂದ ಹೊಸದಾಗಿ ಮೂರು ವರ್ಷ ಶುರುವಾಗುತ್ತದೆ, ಒಂದಷ್ಟು ಹಣ ಕಟ್ಟಿ ಅದು ನಿಮ್ಮ ಸಹಿಯಿರುವ ಬರಹದಲ್ಲಿ ದಾಖಲಾದರೆ 19ನೇ ಕಲಮಿನಂತೆಯೂ ಹಾಗೆಯೇ. ಅವಧಿ ಮುಗಿದುಹೋಗಿದ್ದ ಸಾಲಕ್ಕೂ, ಕೊಡುತ್ತೇನೆಂದು ಸಹಿ ಮಾಡಿದರೆ 1872ರ ಕರಾರು ಕಾಯ್ದೆಯ 25ನೇ ಕಲಮು ಅದನ್ನು ಹೊಸ ಕರಾರೆಂದೇ ಪರಿಗಣಿಸುತ್ತದೆ. ಆದ್ದರಿಂದ ಏಜೆಂಟರು ವಾಟ್ಸ್‌ಆ್ಯಪಿನಲ್ಲಿ ‘ಈಗ ಐದು ಸಾವಿರ ಹಾಕಿ, ಮಿಕ್ಕದ್ದು ಮುಂದಿನ ತಿಂಗಳು ಕಟ್ಟುತ್ತೇನೆಂದು ಒಂದು ಮೆಸೇಜ್ ಕಳಿಸಿ’ ಎಂದು ಮೆತ್ತಗೆ ಕೇಳಿದಾಗ, ಅವರು ಕೇಳುತ್ತಿರುವುದು ಐದು ಸಾವಿರವನ್ನಷ್ಟೇ ಅಲ್ಲ. ಸಾಲ ಯಾವ ಹಂತದಲ್ಲಿದೆ ಎಂದು ತಿಳಿಯುವವರೆಗೆ ಏನನ್ನೂ ಬರೆಯಬೇಡಿ, ಒಂದು ರೂಪಾಯಿಯನ್ನೂ ಹಾಕಬೇಡಿ.

ಹಂತ ತಿಳಿಯುವುದು ಕಷ್ಟವಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕೂ ಕ್ರೆಡಿಟ್ ಮಾಹಿತಿ ಸಂಸ್ಥೆಗಳು (ಸಾಲಗಾರರ ಸಾಲದ ದಾಖಲೆ ಇಡುವವು) ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ವರದಿಯಲ್ಲಿ ಅಂಕವನ್ನು ನೋಡಿ ಕೊರಗುವುದಕ್ಕಿಂತ, ಪ್ರತಿಯೊಂದು ಖಾತೆಯ ಎದುರು ಯಾರ ಹೆಸರಿದೆ ಎಂದು ನೋಡಿ. ನಮ್ಮ ಯಜಮಾನರ ವರದಿಯಲ್ಲಿ ಕಾರ್ಡಿನ ಬಾಕಿ ಬ್ಯಾಂಕಿನ ಹೆಸರಿನಲ್ಲೇ ‘ರಿಟನ್ ಆಫ್’ ಎಂದಿತ್ತು, ವೈಯಕ್ತಿಕ ಸಾಲ ಮಾತ್ರ ನಾವು ಕೇಳಿಯೇ ಇರದ ಒಂದು ಆಸ್ತಿ ಪುನರ್ರಚನಾ ಕಂಪನಿಯ (ಬ್ಯಾಂಕುಗಳ ವಸೂಲಾಗದ ಸಾಲಗಳನ್ನು ಕೊಳ್ಳುವ ಕಂಪನಿ) ಹೆಸರಿಗೆ ಹೋಗಿತ್ತು. ರಿಟನ್ ಆಫ್ ಎಂದರೆ ಬ್ಯಾಂಕು ತನ್ನ ಲೆಕ್ಕದ ಪುಸ್ತಕದಲ್ಲಿ ಆ ಸಾಲವನ್ನು ತೆಗೆದುಹಾಕಿದೆ ಎಂದಷ್ಟೇ ಅರ್ಥ, ಮನ್ನಾ ಮಾಡಿದೆ ಎಂದಲ್ಲ. ಸಾಲ ಮಾರಾಟವಾಗಿದ್ದರೆ ಹಳೆಯ ಬ್ಯಾಂಕಿನ ಶಾಖೆಗೆ ಎಷ್ಟು ಪತ್ರ ಬರೆದರೂ ಪ್ರಯೋಜನವಿಲ್ಲ. ಕೊಂಡ ಕಂಪನಿಯಿಂದ ಆ ಹಸ್ತಾಂತರದ ದಾಖಲೆಯನ್ನು ಕೇಳಿ ಪಡೆಯಬೇಕು.

ಆಮೇಲೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಬೆಂಗಳೂರು ಮತ್ತು ದಾವಣಗೆರೆ ಎರಡೂ ಕಡೆ ನಿಮ್ಮ ಹೆಸರು ಹಾಕಿ, ಇನಿಷಿಯಲ್ ಹಿಂದೆ ಮುಂದೆ ಮಾಡಿ ಹುಡುಕಿಸಿ. ನೀವು ಬಿಟ್ಟುಬಂದ ಬಾಡಿಗೆ ಮನೆಗೆ ಸಮನ್ಸ್ ಹೋಗಿ, ಅದು ಹಿಂದಿರುಗಿ, ಏಕಪಕ್ಷೀಯ ಡಿಕ್ರಿಯೇ, ಅಂದರೆ ನಿಮ್ಮ ಗೈರುಹಾಜರಿಯಲ್ಲೇ ಹಣ ಕಟ್ಟಬೇಕೆಂಬ ನ್ಯಾಯಾಲಯದ ಆದೇಶ, ಆಗಿಹೋಗಿರುವ ಸಾಧ್ಯತೆ ಇದೆ. ಡಿಕ್ರಿ ಆಗಿದ್ದರೆ ಕಾಲಮಿತಿಯ ಮಾತು ಬೇರೆಯಾಗುತ್ತದೆ, ಅದನ್ನು 12 ವರ್ಷಗಳವರೆಗೆ ಜಾರಿ ಮಾಡಿಸಬಹುದು. ಸಮನ್ಸ್ ಸರಿಯಾಗಿ ತಲುಪಿಲ್ಲವೆಂದಾದರೆ, ಡಿಕ್ರಿಯ ವಿಷಯ ತಿಳಿದ 30 ದಿನಗಳೊಳಗೆ ಅದನ್ನು ರದ್ದುಪಡಿಸಲು ಅರ್ಜಿ ಹಾಕಬಹುದು. ಆದ್ದರಿಂದ ಜಾಲತಾಣದಲ್ಲಿ ಕಂಡ ದಿನವನ್ನೇ ಬರೆದಿಟ್ಟುಕೊಂಡು ವಕೀಲರನ್ನು ಹಿಡಿಯಿರಿ. ಭಾರತದ ಹೈಕೋರ್ಟು, ಜಿಲ್ಲಾ ನ್ಯಾಯಾಲಯಗಳ ಹಣದ ಡಿಕ್ರಿಗಳನ್ನು ಇಂಗ್ಲೆಂಡಿನ 1933ರ ಕಾಯ್ದೆಯಡಿ ಇಲ್ಲಿನ ಹೈಕೋರ್ಟಿನಲ್ಲಿ ನೋಂದಾಯಿಸಿ ಜಾರಿಗೊಳಿಸಲು ಅವಕಾಶವಿದೆ. ನಾಲ್ಕಾರು ಲಕ್ಷದ ಸಾಲಕ್ಕಾಗಿ ಯಾರಾದರೂ ಆ ಖರ್ಚಿಗೆ ಇಳಿದಾರೆಂದು ನನಗೆ ಅನ್ನಿಸುವುದಿಲ್ಲ, ಆದರೂ ಸಮುದ್ರ ದಾಟಿದ್ದೇ ರಕ್ಷಣೆ ಎಂದು ತಿಳಿಯಬೇಡಿ.

ವಿಮಾನ ನಿಲ್ದಾಣದ ಭಯಕ್ಕೆ ಬರುತ್ತೇನೆ. ಸಾಲ ಕಟ್ಟಲಾಗದಿರುವುದು ಸಿವಿಲ್ ವಿಷಯ, ಅಪರಾಧವಲ್ಲ. ಡಿಕ್ರಿ ಆದ ಮೇಲೂ, ಕಟ್ಟುವ ಶಕ್ತಿಯಿಲ್ಲದವನನ್ನು ಬರೀ ಬಾಕಿಗಾಗಿ ಸಿವಿಲ್ ಜೈಲಿಗೆ ಕಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ನೀವು ನಿಜವಾಗಿ ವಿಚಾರಿಸಬೇಕಾದದ್ದು ಚೆಕ್ಕಿನ ಬಗ್ಗೆ. ಸಾಲ ಕೊಡುವಾಗ ಸಹಿ ಮಾಡಿಸಿಕೊಂಡ ಚೆಕ್ಕು ಬೌನ್ಸ್ ಆಗಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೇಸು, ಅಥವಾ ಖಾತೆಯಿಂದ ತಾನಾಗಿ ಕಡಿತವಾಗಬೇಕಿದ್ದ ಕಂತು ತಪ್ಪಿದ್ದಕ್ಕೆ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನ ಕೇಸು ದಾಖಲಾಗಿದ್ದರೆ ಅದು ಕ್ರಿಮಿನಲ್ ಪ್ರಕರಣ. ಹಾಜರಾಗದಿದ್ದರೆ ಜಾಮೀನುರಹಿತ ವಾರಂಟ್ ಹೊರಡಬಹುದು, ಪಾಸ್‌ಪೋರ್ಟ್ ನವೀಕರಣಕ್ಕೂ ಅಡ್ಡಿಯಾಗಬಹುದು. ಲುಕ್‌ಔಟ್ ಸುತ್ತೋಲೆ (ದೇಶ ಬಿಡುವವರನ್ನು ನಿಲ್ದಾಣದಲ್ಲಿ ತಡೆಯುವ ಸೂಚನೆ) ಎಂದು ಏಜೆಂಟರು ಹೆದರಿಸುವುದು ಹೆಚ್ಚಾಗಿ ಬಾಯಿಮಾತು. ಅದನ್ನು ಹೊರಡಿಸುವಂತೆ ಸರ್ಕಾರಿ ಬ್ಯಾಂಕುಗಳ ಮುಖ್ಯಸ್ಥರೇ ಕೇಳಲು ಇದ್ದ ಅಧಿಕಾರವನ್ನು ಬಾಂಬೆ ಹೈಕೋರ್ಟು 2024ರ ಏಪ್ರಿಲಿನಲ್ಲಿ ರದ್ದುಪಡಿಸಿದೆ. ಇ-ಕೋರ್ಟ್ಸ್‌ನಲ್ಲಿ ಕ್ರಿಮಿನಲ್ ಪ್ರಕರಣ ಕಾಣಿಸದಿದ್ದರೆ ನಾನಾಗಿದ್ದರೆ ಧೈರ್ಯವಾಗಿ ಟಿಕೆಟ್ ತೆಗೆಸುತ್ತಿದ್ದೆ.

ನಿಮ್ಮ ತಂದೆಯವರು ಜಾಮೀನುದಾರರಾಗಿಯೋ ಸಹ ಅರ್ಜಿದಾರರಾಗಿಯೋ ಸಹಿ ಮಾಡಿಲ್ಲದಿದ್ದರೆ ಅವರಿಗೆ ಈ ಸಾಲದಲ್ಲಿ ಯಾವ ಹೊಣೆಯೂ ಇಲ್ಲ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರನಿಗೂ ಕರೆ ಮಾಡುವಂತಿಲ್ಲ, ಮನೆಯವರನ್ನು ಕಾಡುವಂತಿಲ್ಲವೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಕರೆ ಬಂದ ಸಂಖ್ಯೆ, ಹೊತ್ತು, ಆಡಿದ ಮಾತು ಇವನ್ನು ತಂದೆಯವರು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಂಡರೆ ಸಾಕು. ಅದರ ಫೋಟೋ ಸಹಿತ ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, 30 ದಿನಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಅದಕ್ಕೆ ಶುಲ್ಕವಿಲ್ಲ. ದೂರಿನಲ್ಲಿ ‘ನನ್ನ ಸಾಲ’ ಎಂದು ಬರೆಯದೆ ‘ನೀವು ಬಾಕಿ ಇದೆಯೆನ್ನುತ್ತಿರುವ ಖಾತೆ’ ಎಂದು ಬರೆಯುವುದು ಮೇಲೆ ಹೇಳಿದ 18ನೇ ಕಲಮಿನ ಕಾರಣಕ್ಕೆ.

ಇನ್ನು ಇತ್ಯರ್ಥ. ಕೊಡಬೇಕಾದ ಹಣವನ್ನು ಕೊಟ್ಟು ಮುಗಿಸುವುದೇ ಲೇಸೆಂಬುದು ನನ್ನ ಅಭಿಪ್ರಾಯ, ಆದರೆ ಅವರು ಹೇಳುವ ಮೊತ್ತವನ್ನಲ್ಲ. ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ 3ಕ್ಕೂ ಹೆಚ್ಚು ಬಡ್ಡಿ, ಅದರ ಮೇಲೆ ತಡಪಾವತಿ ಶುಲ್ಕ, ಅದರ ಮೇಲೆ ಜಿಎಸ್‌ಟಿ ಸೇರಿ ಮೊತ್ತ ಉಬ್ಬಿರುತ್ತದೆ. ನಮ್ಮಿಂದ ಕೇಳಿದ್ದು ಎಂಟು ಲಕ್ಷದ ಮೇಲೆ, ಅಸಲು ಎರಡು ಲಕ್ಷ ನಲವತ್ತು ಸಾವಿರ. ಮಾತುಕತೆ ಅಸಲಿನ ಮೇಲೆ ನಡೆಯಲಿ. ನಾವು ಅಸಲಿಗೆ ತುಸು ಹೆಚ್ಚು ಕೊಟ್ಟು ಮುಗಿಸಿದೆವು; ಆರ್ಥಿಕ ವರ್ಷ ಮುಗಿಯುವ ಮಾರ್ಚ್ ತಿಂಗಳಲ್ಲಿ ಅವರ ದನಿಯೂ ಮೃದುವಾಗಿತ್ತು.

ಮಾತು ಕುದುರಿದ ಮೇಲೆ ಬರುವ ಪತ್ರವನ್ನು ಅಕ್ಷರ ಅಕ್ಷರವಾಗಿ ಓದಿ. ಸಂಸ್ಥೆಯ ಲೆಟರ್‌ಹೆಡ್, ಸಾಲದ ಖಾತೆಯ ಸಂಖ್ಯೆ, ಪೂರ್ಣ ಮತ್ತು ಅಂತಿಮ ಇತ್ಯರ್ಥ ಎಂಬ ಮಾತು, ಕಟ್ಟಬೇಕಾದ ಕಡೆಯ ದಿನಾಂಕ, ಇರುವ ಕೇಸುಗಳನ್ನು ಹಿಂತೆಗೆದುಕೊಳ್ಳುವ ಭರವಸೆ ಇಷ್ಟೂ ಇರಬೇಕು. ನಮಗೆ ಮೊದಲು ಬಂದ ಪತ್ರದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಉಳಿದ ಮೊತ್ತವನ್ನು ವಸೂಲು ಮಾಡುವ ಹಕ್ಕನ್ನು ಸಂಸ್ಥೆ ಕಾಯ್ದಿರಿಸಿಕೊಂಡಿದೆ ಎಂಬ ಒಂದು ಸಾಲಿತ್ತು. ಆ ಸಾಲನ್ನು ತೆಗೆದುಹಾಕಿದ ಹೊಸ ಪತ್ರ ಬರುವವರೆಗೆ ಹಣ ಕಳಿಸಬೇಡಿರೆಂದು ವಕೀಲರು ಹಟ ಹಿಡಿದರು. ಕಂತುಗಳಲ್ಲಿ ಕಟ್ಟುವುದಾದರೆ, ಒಂದು ಕಂತು ತಡವಾದರೂ ಒಪ್ಪಂದವೇ ರದ್ದೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಸಾಧ್ಯವಾದರೆ ಒಂದೇ ಗಂಟಿನಲ್ಲಿ ಕಟ್ಟಿ.

ಹಣವನ್ನು ಇಲ್ಲಿನ ಬ್ಯಾಂಕಿನಿಂದ ನೇರವಾಗಿ ಅವರ ಖಾತೆಗೆ ಕಳಿಸದಿರುವುದು ಒಳ್ಳೆಯದು. ದಾರಿಯಲ್ಲಿರುವ ಬ್ಯಾಂಕುಗಳು ತಮ್ಮ ಶುಲ್ಕ ಮುರಿದುಕೊಂಡರೆ ಮೊತ್ತ ಕೆಲವು ನೂರು ರೂಪಾಯಿ ಕಡಿಮೆ ಮುಟ್ಟುತ್ತದೆ, ಆ ಕೊರತೆಯೇ ಒಪ್ಪಂದ ಮುರಿಯಲು ನೆಪವಾಗಬಹುದು. ನಿಮ್ಮ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆ) ತರಿಸಿಕೊಂಡು ಅಲ್ಲಿಂದ ಸರಿಯಾದ ಮೊತ್ತವನ್ನು ನೆಫ್ಟ್ ಮಾಡಿ. ಆ ಖಾತೆ ಸಾಲ ಕೊಟ್ಟ ಬ್ಯಾಂಕಿನಲ್ಲೇ ಇರುವುದು ಬೇಡ. ಅಲ್ಲಿ ಹಣ ಬಿದ್ದೊಡನೆ ಹಳೆಯ ಬಾಕಿಗೆ ಮುರಿದುಕೊಂಡಾರು. ಏಜೆಂಟರ ಸ್ವಂತ ಯುಪಿಐಗೆ ಎಂದಿಗೂ ಹಾಕಬೇಡಿ.

ಊರಿನಲ್ಲಿ ಸಹಿ ಮಾಡಲು, ನ್ಯಾಯಾಲಯಕ್ಕೆ ಓಡಾಡಲು ಒಬ್ಬರಿಗೆ ಅಧಿಕಾರ ಪತ್ರ ಕೊಡಬೇಕಾಗುತ್ತದೆ. ಅದನ್ನು ಇಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿದ ಮೇಲೆ, ಕರ್ನಾಟಕಕ್ಕೆ ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಸಾಲ ಇತ್ಯರ್ಥಕ್ಕೆ ಬೇಕಾದಷ್ಟೇ ಅಧಿಕಾರ ಬರೆಯಿರಿ, ಆಸ್ತಿಯ ಮಾತು ಅದರಲ್ಲಿ ಬೇಡ.

ಹಣ ಸಂದಾಯವಾದ ಮೇಲೆ ಬಾಕಿಯಿಲ್ಲವೆಂಬ ಪ್ರಮಾಣಪತ್ರವನ್ನೂ, ಕೊಟ್ಟಿದ್ದ ಚೆಕ್ಕುಗಳನ್ನೂ ಹಿಂದಕ್ಕೆ ಪಡೆಯಿರಿ. ವರದಿಯಲ್ಲಿ ಖಾತೆ ‘ಸೆಟಲ್ಡ್’ ಎಂದು ಕಾಣಿಸುತ್ತದೆ, ‘ಕ್ಲೋಸ್ಡ್’ ಎಂದಲ್ಲ. ಮುಂದೆ ಊರಿನಲ್ಲಿ ಮನೆ ಸಾಲ ಕೇಳುವ ಉದ್ದೇಶವಿದ್ದರೆ ಆ ಗುರುತು ಕೆಲವು ವರ್ಷ ಅಡ್ಡ ಬರುತ್ತದೆ, ಅಂಥವರು ಪೂರ್ತಿ ಕಟ್ಟುವ ಬಗ್ಗೆ ಯೋಚಿಸಬಹುದು. ಸಂಸ್ಥೆ ವರದಿಯನ್ನು ತಿದ್ದಿಸದೆ ಕುಳಿತರೆ ಕ್ರೆಡಿಟ್ ಮಾಹಿತಿ ಸಂಸ್ಥೆಗೆ ದೂರು ಕೊಡಿ. ದೂರು ಕೊಟ್ಟ 30 ದಿನಗಳೊಳಗೆ ಅದು ಬಗೆಹರಿಯದಿದ್ದರೆ, ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೇಳುವ ಹಕ್ಕು ನಿಮಗಿದೆ.